ಅರವತ್ತೊಂದು

ಬೈತಖೋಲದಲ್ಲಿ ಐಸ್ ಫ್ಯಾಕ್ಟರಿಯ ಮೇಲ್ಮಹಡಿ ನಮ್ಮ ಆಫೀಸು.
ಕೆಳಗೆ ಮಂಜುಗಡ್ಡೆ ಪುಡಿಯಾಗುವಾಗ
ಮೇಲೆ ಕೀಬೋರ್ಡು ನಡುಗುತ್ತದೆ.
ಮೂರು ಮೇಜು, ಒಂದು ಕಾಲು ಮುರಿದ ಸ್ಟೂಲು,
ಬಂದರಿನ ಮೀನಿನ ದರ ತೋರಿಸುವ ಒಂದು ವೆಬ್‌ಸೈಟು.

ಮುಸೈಬ್ ಭಟ್ಕಳದವನು, ಎರಡು ಸ್ಪೇಸ್ ಬಿಟ್ಟು ಬರೆಯುತ್ತಾನೆ.
ಶರ್ಮಿಷ್ಠಾ ಉಳ್ವೇಕರ ನಾಲ್ಕು.
ನಾನು ಟ್ಯಾಬ್ ಒತ್ತಿ
ಯಾರನ್ನೂ ಕೇಳದೆ ಮುಂದೆ ಹೋಗುವವಳು.
ಅವನಿಗೆ ಒಂಟಿ ಉದ್ಧರಣ ಚಿಹ್ನೆ, ಅವಳಿಗೆ ಜೋಡಿ;
ಸಾಲಿನ ಕೊನೆಗೆ ಅರ್ಧವಿರಾಮ ಇರಲೇಬೇಕೆಂದು ಅವಳು,
ಹಾಕದಿದ್ದರೆ ಯಾರೂ ಸಾಯುವುದಿಲ್ಲವೆಂದು ಅವನು.

ಒಬ್ಬರ ಫೈಲು ಇನ್ನೊಬ್ಬರು ತೆರೆದರೆ
ಮೊದಲು ನಡೆಯುವುದು ರಿಪೇರಿಯಲ್ಲ, ಸಾಲು ಸರಿಸುವುದು.
ಒಂದು ಅಲ್ಪವಿರಾಮ ತಿದ್ದಿದ್ದಕ್ಕೆ
ಮುನ್ನೂರು ಸಾಲು ಕೆಂಪು, ಮುನ್ನೂರು ಹಸಿರು.
ನಿಜವಾದ ತಪ್ಪು ಅದರೊಳಗೆಲ್ಲೋ
ತಾರ್ಲಿ ರಾಶಿಯಲ್ಲಿ ಬಿದ್ದ ಮೂಗುತಿ.

ಕೊನೆಗೊಂದು ಮಂಗಳವಾರ
ಬನ್ಸು, ಚಾ ತರಿಸಿ ಬಾಗಿಲು ಹಾಕಿಕೊಂಡೆವು.
ನಾನು ಟ್ಯಾಬ್ ಬಿಟ್ಟುಕೊಟ್ಟೆ.
ಶರ್ಮಿಷ್ಠಾ ಜೋಡಿ ಬಿಟ್ಟು ಅರ್ಧವಿರಾಮ ಉಳಿಸಿಕೊಂಡಳು.
ಮುಸೈಬ್ ಎರಡು ಸ್ಪೇಸ್ ಗೆದ್ದು
ಅರ್ಧ ಬನ್ಸು ಸೋತ.

ಆಗಲೇ ನನಗೆ ಮಾವಶಿ ನೆನಪಾದದ್ದು.
ಬಲೆ ಹೆಣೆಯುವಾಗ ಅವಳ ಎಡಗೈಯಲ್ಲೊಂದು ಬಿದಿರ ಪಟ್ಟಿ,
ಎರಡು ಬೆರಳಗಲ.
ಪ್ರತಿ ಗಂಟಿಗೂ ದಾರ ಅದನ್ನೊಮ್ಮೆ ಸುತ್ತಿ ಬರಬೇಕು.
ನಾಲ್ವರು ಹೆಂಗಸರು ಒಂದೇ ಬಲೆಗೆ ಕೂತರೆ
ನಾಲ್ಕೂ ಪಟ್ಟಿ ಒಂದೇ ಬಿದಿರಿನವು.
ಕೈ ಬೇರೆ, ಬೈಗುಳ ಬೇರೆ,
ಬಲೆಯ ಕಣ್ಣು ಮಾತ್ರ ಒಂದೇ.
ಇದನ್ನೆಲ್ಲ ಹೇಳಿದೆ.
‘ಹೋಲಿಕೆ ಸಾಕು, ಕಮಿಟ್ ಮಾಡು’ ಎಂದಳು ಶರ್ಮಿಷ್ಠಾ.

ಮೊದಲ ಸಲ ಓಡಿಸಿದಾಗ
ಸಾವಿರದ ನೂರ ನಲವತ್ತೆರಡು ತಪ್ಪು.
ಸಾವಿರ ಅದೇ ತಿದ್ದಿಕೊಂಡಿತು, ಮುಖ ಸಿಂಡರಿಸದೆ.
ಉಳಿದದ್ದು ನಮಗೆ.
ಕರೆದು ಮರೆತ ವೇರಿಯೇಬಲ್‌ಗಳು,
ಯಾರೂ ಹೋಗದ ದಾರಿಗೆ ಹಾಕಿಟ್ಟ ದೀಪಗಳು.

ಅದಕ್ಕೆ ಎಲ್ಲ ತಿಳಿಯುತ್ತದೆಂದಲ್ಲ.
ಒಂದು ಕಡೆ ಬಂಗುಡೆ, ಇನ್ನೊಂದು ಕಡೆ ಬಾಂಗ್ಡೊ ಎಂದು ಬರೆದು
ಒಂದೇ ಮೀನಿಗೆ ಎರಡು ದರ ತೋರಿಸಿದ್ದೆವು ವಾರವಿಡೀ.
ಲಿಂಟರ್ ಎರಡನ್ನೂ ನೋಡಿ ಸುಮ್ಮನಿತ್ತು.
ಫೋನು ಮಾಡಿ ಕೂಗಿದವಳು
ಬುಟ್ಟಿ ಹೊತ್ತು ಮಾರುವ ಸುಕ್ರಾಯಿ.

ಸಂಜೆ ಕೊನೆಯ ತಪ್ಪು ಬಂತು:
‘ಹೆಸರಿಲ್ಲದ ಸಂಖ್ಯೆ, 61.’
ಬರೆದವರು ಯಾರೆಂದು ಕೇಳಿದರೆ ಪರದೆ ನನ್ನನ್ನೇ ತೋರಿಸಿತು,
ಹೋದ ಮೇ ತಿಂಗಳು, ರಾತ್ರಿ ಒಂದೂವರೆ.

ಜೂನ್ ಒಂದರಿಂದ ದೋಣಿಗಳು ಕಡಲಿಗಿಳಿಯುವುದಿಲ್ಲ.
ಅಷ್ಟು ದಿನ ದರದ ಜಾಗದಲ್ಲಿ
ಒಂದು ಅಡ್ಡಗೆರೆ ತೋರಿಸಬೇಕು, ಅಷ್ಟೆ.
ಆಗ ನನಗದು ಬರೀ ಲೆಕ್ಕ.
ಈಗ ಇದು ಬಾಗಿಲಲ್ಲಿ ನಿಂತು ಕೇಳುತ್ತಿದೆ:
ಇದೇನು? ಹೆಸರು ಹೇಳು.

ಗೋಣಿತಾಟಿನ ಮೇಲೆ ಬಿಚ್ಚಿ ಹರಡಿದ ಇಂಜಿನ್ನು.
ಅಪ್ಪನ ಉಗುರಿನಲ್ಲಿ ನೀಲಿ ಬಣ್ಣ.
ಪೆಟ್ಟಿಗೆಯಿಂದ ಹೊರಬರುವ ಬಿದಿರ ಪಟ್ಟಿ.
ಸೊಸೈಟಿಯಲ್ಲಿ ಮತ್ತೆ ಒತ್ತೆಯಿಡುವ ಅದೇ ಎರಡು ಬಳೆ.
ಕೆಳಗೆ ಯಂತ್ರ ನಿಂತು
ಮೇಲೆ ನಡುಗದ ಕೀಬೋರ್ಡು.

ಹೆಸರುಗಳು ಇಂಗ್ಲಿಷಿನಲ್ಲಿರಬೇಕು, ಚಿಕ್ಕದಾಗಿರಬೇಕು:
ಮಂಗಳವಾರದ ಒಪ್ಪಂದ, ನನ್ನ ಸಹಿಯೂ ಇದೆ.
‘ಬ್ಯಾನ್‌ಡೇಸ್’ ಎಂದು ಬರೆದೆ.
ಕೆಂಪು ಅಳಿಸಿತು.

ಅದರ ಮೇಲೆ ಒಂದು ಟಿಪ್ಪಣಿ, ಕನ್ನಡದಲ್ಲಿ.
ಟಿಪ್ಪಣಿಗೆ ನಿಯಮವಿಲ್ಲವೆಂದುಕೊಂಡೆ.
ಮಾವಶಿ, ಬಳೆ, ನೀಲಿ ಬಣ್ಣ ಎಲ್ಲ ಬರೆದು ಒತ್ತಿದರೆ
‘ಸಾಲು ಉದ್ದವಾಯಿತು, ಎಂಬತ್ತಕ್ಕೆ ನಿಲ್ಲಿಸಿ.’

ಕಡಿದೆ.
ಉಳಿದದ್ದು ಇಷ್ಟು:
ಈ ದಿನಗಳಲ್ಲಿ ಕೆಳಗೆ ಸದ್ದಿರುವುದಿಲ್ಲ.

ಮುಸೈಬ್ ಓದಿದ. ಏನೂ ಕೇಳದೆ
ಒಪ್ಪಿಗೆ ಒತ್ತಿದ.